‘ಅಡೆನಾಯ್ಡ್’: ಗ್ರಂಥಿಯೋ, ಮಾಂಸವೋ, ಟಾನ್ಸಿಲ್ಲೋ?

ಮಾನ್ಯರೆ,

ಮಕ್ಕಳ ಉಸಿರಾಟದ ತೊಂದರೆಗಳನ್ನು ಕುರಿತು ತಂದೆತಾಯಿಯರಿಗಾಗಿ ಬರೆದ ಕೈಪಿಡಿಯೊಂದನ್ನು ಕನ್ನಡಿಸುತ್ತಿರುವ ನಾನು ಮೂಗಿನ ಹಿಂದೆ, ಗಂಟಲಿನ ಮೇಲ್ತುದಿಯಲ್ಲಿರುವ ಅಂಗಾಂಶದ ಹೆಸರಾದ ‘ಅಡೆನಾಯ್ಡ್’ ಎಂಬಲ್ಲಿ ತಡೆದು ನಿಂತಿದ್ದೇನೆ. ಬರಹದಲ್ಲಿ ಇದನ್ನು ‘ಮೂಗಿನ ಗ್ರಂಥಿ’ ಎಂದೂ ಆಡುಮಾತಿನಲ್ಲಿ ‘ಮೂಗಿನಲ್ಲಿ ಮಾಂಸ ಬೆಳೆದಿದೆ’ ಎಂದೂ ಹೇಳುವುದುಂಟು. ಎರಡಕ್ಕೂ ನನ್ನ ಮನಸ್ಸು ಒಪ್ಪುತ್ತಿಲ್ಲ.

ಪದದ ಗ್ರೀಕ್ ಮೂಲಕ್ಕೆ ‘ಗ್ರಂಥಿಯನ್ನು ಹೋಲುವುದು’ ಎಂದಷ್ಟೇ ಅರ್ಥ. 1868ರಲ್ಲಿ ಕೋಪನ್‌ಹೇಗನ್ನಿನ ವೈದ್ಯ ವಿಲ್ಹೆಲ್ಮ್ ಮೇಯರ್ ಈ ತೊಂದರೆಯನ್ನು ವಿವರಿಸಿದಾಗಲೂ ಅದು ‘ಬೆಳವಣಿಗೆ’ ಎಂಬುದರ ಹಿಂದೆ ನಿಂತ ಬರಿಯ ವಿಶೇಷಣವಾಗಿತ್ತು. ಜೊಲ್ಲಿನ ಗ್ರಂಥಿಯಂತೆ ರಸವನ್ನು ಸ್ರವಿಸುವ ಕೆಲಸ ಇದರದಲ್ಲ. ಉಸಿರಿನೊಡನೆ ಬರುವ ರೋಗಾಣುಗಳನ್ನು ಎದುರಿಸುವ, ಟಾನ್ಸಿಲ್ ಜಾತಿಯ ಅಂಗಾಂಶವಿದು. ‘ಗ್ರಂಥಿ’ ಎಂದೊಡನೆ ಆ ‘ಹೋಲುವ’ ಎಂಬುದು ಬಿದ್ದುಹೋಗುತ್ತದೆ, ಜೊತೆಗೆ ಅದರ ತದ್ಭವವಾದ ‘ಗಂಟು’ ನೆನಪಾಗಿ ಓದುವವರು ಗಾಬರಿಯಾಗುವುದೂ ಇದೆ.

‘ಮಾಂಸ ಬೆಳೆದಿದೆ’ ಎಂಬುದು ಇನ್ನೂ ತೊಡಕಿನದು. ಮೂಗಿನ ಹೊಳ್ಳೆಯೊಳಗೆ ಜೋತುಬೀಳುವ ಪಾಲಿಪ್ ಎಂಬ ಬೆಳವಣಿಗೆಗೂ ಜನ ಇದೇ ಮಾತನ್ನು ಬಳಸುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಇರಬಾರದ್ದು ಹುಟ್ಟಿಕೊಂಡಿದೆ ಎಂಬ ಭಾವನೆಯನ್ನು ಅದು ಮೂಡಿಸುತ್ತದೆ. ಆದರೆ ಅಡೆನಾಯ್ಡ್ ಎಲ್ಲ ಮಕ್ಕಳಲ್ಲೂ ಇರುವಂಥದ್ದು. ಎಳವೆಯಲ್ಲಿ ಬೆಳೆದು, ಹದಿಹರೆಯದ ಹೊತ್ತಿಗೆ ತಾನಾಗಿಯೇ ಕುಗ್ಗುತ್ತದೆ. ಅದು ಅಳತೆ ಮೀರಿ ದಪ್ಪಗಾಗಿ ದಾರಿಗೆ ಅಡ್ಡವಾದಾಗ ಮಾತ್ರ ಮಗು ಹಗಲೂ ಬಾಯಿ ತೆರೆದೇ ಇರುತ್ತದೆ, ರಾತ್ರಿ ಗೊರಕೆ ಹೊಡೆಯುತ್ತದೆ, ಕೆಲವೊಮ್ಮೆ ಗೊರಕೆಯ ನಡುವೆ ಉಸಿರೇ ಕ್ಷಣಕಾಲ ನಿಂತು ಬೆಚ್ಚಿದಂತೆ ಮತ್ತೆ ಎಳೆದುಕೊಳ್ಳುತ್ತದೆ. ಮೂಗಿನಿಂದ ಕಿವಿಗೆ ಹೋಗುವ ನಾಳದ ಬಾಯಿ ಮುಚ್ಚಿ, ಕಿವಿ ಮಂದವಾಗುವುದೂ ಉಂಟು.

ಇನ್ನೊಂದು ತೊಡಕು, ಭಾಷೆಯವರಾದ ನಮಗೆ ಹೆಚ್ಚು ಹತ್ತಿರದ್ದು. ಮೂಲದಲ್ಲಿರುವ ಮಾತಿನ ದೋಷವನ್ನು ‘ಮೂಗಿನಲ್ಲಿ ಮಾತಾಡುತ್ತದೆ’ ಎಂದೇ ನಾನು ಮೊದಲು ಬರೆದೆ. ಆಮೇಲೆ ಹೊಳೆದದ್ದು, ಆಗುವುದು ಅದರ ತಿರುವುಮುರುವು ಎಂಬುದು. ಇಲ್ಲಿ ಉಸಿರು ಮೂಗಿಗೆ ಹೋಗುವುದೇ ಇಲ್ಲ. ಅನುನಾಸಿಕಗಳು ಅದೇ ವರ್ಗದ ಮೂರನೆಯ ಅಕ್ಷರಕ್ಕೆ ಜಾರಿ, ‘ಅಮ್ಮ’ ಎನ್ನುವುದು ‘ಅಬ್ಬ’ದಂತೆ, ‘ನಾನು’ ಎನ್ನುವುದು ‘ದಾದು’ವಿನಂತೆ ಕೇಳಿಸುತ್ತದೆ. ಅಂಗುಳು ಸೀಳಿರುವ ಮಗುವಿನ ಮಾತು ನಿಜಕ್ಕೂ ಮೂಗಿನಿಂದ ಬರುತ್ತದೆ. ಆಡುಮಾತು ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಅನುವಾದಕನಿಗೆ ಪೇಚಾಟ. ಸದ್ಯಕ್ಕೆ ‘ಮೂಗು ಕಟ್ಟಿದ ಮಾತು’ ಎಂದು ಬರೆದುಕೊಂಡಿದ್ದೇನೆ.

ಅಂಗದ ಹೆಸರಿಗೆ ‘ಮೂಗಿನ ಹಿಂದಣ ಟಾನ್ಸಿಲ್’ ಎಂಬುದು ನನ್ನ ಸೂಚನೆ. ಟಾನ್ಸಿಲ್ ಎಲ್ಲರಿಗೂ ಗೊತ್ತಿರುವ ಪದ. ‘ಹಿಂದಣ’ ಎಂದು ಸೇರಿಸಿದರೆ, ಮಗುವಿನ ಬಾಯಿ ತೆರೆಸಿ ಟಾರ್ಚ್ ಬಿಟ್ಟು ಹುಡುಕಿದರೆ ಅದು ಕಾಣದು, ಕಿರುನಾಲಗೆಗಿಂತ ಮೇಲೆ ಮರೆಯಲ್ಲಿದೆ ಎಂಬುದೂ ತಿಳಿಯುತ್ತದೆ. ಆದರೆ ‘ಅಡೆನಾಯ್ಡ್ ತೆಗೆಯುವ ಶಸ್ತ್ರಚಿಕಿತ್ಸೆ’ ಎಂಬಂಥ ಕಡೆ ಈ ಹೆಸರು ತೀರ ಉದ್ದವಾಗುತ್ತದೆ. ಅಲ್ಲಿ ಅಡೆನಾಯ್ಡ್ ಎಂದೇ ಉಳಿಸುವುದು ವಾಸಿಯೆ, ಅಥವಾ ತಮ್ಮಲ್ಲಿ ಯಾರಾದರೂ ಇದಕ್ಕೆ ಚಿಕ್ಕದಾದ, ಗ್ರಂಥಿಯ ಹಂಗಿಲ್ಲದ ಪದವೊಂದನ್ನು ಬಳಕೆಯಲ್ಲಿ ಕೇಳಿದ್ದೀರಾ?