ನೀರಿನಲ್ಲಿ ವ್ಯಾಯಾಮ ಮಾಡಿದರೆ ಮರೆವು ಕಡಿಮೆಯಾಗುವುದೇ?

ಪ್ರಶ್ನೆ (ನವನಗರ, ಬಾಗಲಕೋಟೆ): ನಮಸ್ಕಾರ ಡಾಕ್ಟರರೇ. ನಮ್ಮ ತಾಯಿಯವರಿಗೆ 66 ವರ್ಷ. ಮೊಣಕಾಲು ನೋವಿನಿಂದ ಅವರ ನಡಿಗೆ ಬಹುತೇಕ ನಿಂತುಹೋಗಿದ್ದು, ಈಚೆಗೆ ಒಲೆಯ ಮೇಲೆ ಹಾಲಿಟ್ಟದ್ದನ್ನೂ ಬಿ.ಪಿ. ಗುಳಿಗೆ ನುಂಗಿದ್ದನ್ನೂ ಮರೆಯುತ್ತಿದ್ದಾರೆ. ಈಜುಕೊಳದಲ್ಲಿ ನಿಂತು ವ್ಯಾಯಾಮ ಮಾಡಿದರೆ ಮೆದುಳಿಗೆ ರಕ್ತ ಹೆಚ್ಚು ಹರಿದು ನೆನಪು ಮರಳುತ್ತದೆಂದು ಪರಿಚಯದವರೊಬ್ಬರು ಹೇಳಿದರು. ಇದು ನಿಜವೇ?

ಉತ್ತರ (ನರರೋಗ ವೈದ್ಯರು): ನಮಸ್ಕಾರ. ರಕ್ತದ ಮಾತು ನಿಜ, ನೆನಪಿನ ಮಾತಿಗೆ ಅಷ್ಟು ಆಧಾರವಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತಾಗ ನೀರಿನ ಒತ್ತಡವು ಕಾಲು ಮತ್ತು ಹೊಟ್ಟೆಯ ರಕ್ತವನ್ನು ಎದೆಯ ಕಡೆಗೆ ತಳ್ಳುವುದರಿಂದ, ಹೃದಯವು ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರಹಾಕುತ್ತದೆ. 2014ರಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದವರು ಅಳೆದಾಗ ಮೆದುಳಿನ ಮಧ್ಯ ಧಮನಿಯಲ್ಲಿ ರಕ್ತದ ವೇಗ ಸುಮಾರು ಶೇ. 14ರಷ್ಟು ಏರಿತ್ತು. ಆದರೆ ಪರೀಕ್ಷೆಗೆ ಒಳಗಾದವರು ಒಂಬತ್ತೇ ಜನ, ಅದೂ ಆರೋಗ್ಯವಂತ ತರುಣರು. ಅಲ್ಲಿ ನೋಡಿದ್ದು ರಕ್ತದ ಹರಿವನ್ನೇ ಹೊರತು ನೆನಪನ್ನಲ್ಲ.

ನೆನಪಿಗೆ ಸಂಬಂಧಿಸಿದ ಹೆಸರಾಂತ ಅಧ್ಯಯನ 2011ರದು. ಅಮೆರಿಕದ 120 ಹಿರಿಯರಲ್ಲಿ ವಾರಕ್ಕೆ ಮೂರು ದಿನ, 40 ನಿಮಿಷದವರೆಗೆ, ಒಂದು ವರ್ಷ ನಡೆದವರಿಗೆ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಭಾಗ ಸುಮಾರು ಶೇ. 2ರಷ್ಟು ಹಿಗ್ಗಿತ್ತು. ಅದು ನೆಲದ ಮೇಲಿನ ನಡಿಗೆ. ಹೀಗಾಗಿ ನಿಮ್ಮ ತಾಯಿಯವರಿಗೆ ನೀರಿನ ಉಪಯೋಗ ಬೇರೆಯೇ ಇದೆ: ಎದೆಮಟ್ಟದ ನೀರಿನಲ್ಲಿ ಮೊಣಕಾಲಿನ ಮೇಲೆ ಮೈಭಾರದ ಸುಮಾರು ಮೂರನೆಯ ಒಂದು ಭಾಗ ಮಾತ್ರ ಬೀಳುವುದರಿಂದ, ನೆಲದ ಮೇಲೆ ನಡೆಯಲಾಗದವರೂ ಅಲ್ಲಿ ನಡೆಯಬಲ್ಲರು.

ಈಜುಕೊಳಕ್ಕಿಂತ ಮೊದಲು ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿರಿ, ಕಿವಿ ಕೇಳಿಸುವುದನ್ನೂ ನೋಡಿಸಿರಿ. ಇಂಥ ತೊಂದರೆಗಳಿಂದ ಬಂದ, ಸರಿಪಡಿಸಬಹುದಾದ ಮರೆವನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಹಾಲು ಉಕ್ಕಿದರೆ ಒಲೆ ಒರೆಸಿದರಾಯಿತು, ಆದರೆ ಬಿ.ಪಿ. ಗುಳಿಗೆಯನ್ನು ಮರೆತು ಎರಡು ಸಲ ನುಂಗಿದರೆ ತಲೆತಿರುಗಿ ಬೀಳುವ ಅಪಾಯವಿದೆ. ಗುಳಿಗೆಗಳನ್ನು ಇಂದಿನಿಂದಲೇ ಮನೆಯವರೊಬ್ಬರು ಕೈಯಾರೆ ಕೊಡಲಿ. ಹೃದಯ ದುರ್ಬಲವಾಗಿದ್ದರೆ ವೈದ್ಯರ ಒಪ್ಪಿಗೆಯಿಲ್ಲದೆ ನೀರಿಗಿಳಿಸಬೇಡಿರಿ.

ಮರುಪ್ರಶ್ನೆ: ಈಜುಕೊಳವೆಂದರೆ ಅವರಿಗೆ ಸಂಕೋಚ. ಘಟಪ್ರಭೆಯ ಹಿನ್ನೀರು ಹತ್ತಿರವಿದೆ, ಅಲ್ಲಿ ಸೊಂಟದ ಮಟ್ಟಕ್ಕೆ ಇಳಿಸಬಹುದೇ?

ಉತ್ತರ: ಖಂಡಿತ ಬೇಡ. ಅಲ್ಲಿ ಕೆಸರಿರುತ್ತದೆ, ಆಲಮಟ್ಟಿ ಜಲಾಶಯದ ಮಟ್ಟ ಏರಿಳಿದಂತೆ ಆಳವೂ ಬದಲಾಗುತ್ತದೆ. ಮಹಿಳೆಯರಿಗೇ ಮೀಸಲಾದ ಸಮಯವಿರುವ ಈಜುಕೊಳ ಸಿಗದಿದ್ದರೆ ಗಟ್ಟಿ ಕುರ್ಚಿಯಿಂದ ಎದ್ದು ಕೂಡುವುದನ್ನೂ ನಿಂತಲ್ಲೇ ಇರುವ ವ್ಯಾಯಾಮದ ಸೈಕಲ್ ತುಳಿಯುವುದನ್ನೂ ಫಿಜಿಯೋಥೆರಪಿಸ್ಟರಿಂದ ಕಲಿತು ಆರಂಭಿಸಲಿ. ವಾರಕ್ಕೆ 150 ನಿಮಿಷ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೊದಲ ತಿಂಗಳು ದಿನಕ್ಕೆ ಹತ್ತು ನಿಮಿಷವಾದರೂ ಸಾಕು.