ಪಕ್ಕದ ಪೆಟ್ರೋಲ್ ಪಂಪ್ ವಿಸ್ತರಣೆಯಾದ ಮೇಲೆ ಅಲ್ಲಿನ ಮಳೆನೀರು ನಮ್ಮ ಇಂಗುಗುಂಡಿಗೆ ಇಳಿಯುತ್ತಿದೆ (ವಾಘೋಲಿ, ಪುಣೆ)

ಸೊಸೈಟಿ_ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ವಾಘೋಲಿಯ ನಮ್ಮ ಸೊಸೈಟಿಯ ಮೇಲ್ಬದಿಯಲ್ಲಿ, ಕಾಂಪೌಂಡ್ ಗೋಡೆಗೆ ತಾಗಿದಂತೆ ಒಂದು ಪೆಟ್ರೋಲ್ ಪಂಪ್ ಇದೆ. ಯಾವುದೆಂಬುದು ಇಲ್ಲಿ ಬೇಡ. ಈ ಬೇಸಿಗೆಯಲ್ಲಿ ಅದರ ಹಿಂದಿದ್ದ ಮಣ್ಣಿನ ಅಂಗಳಕ್ಕೆ ಕಾಂಕ್ರೀಟ್ ಹಾಕಿ, ಕ್ಯಾನೋಪಿಯನ್ನು (ಪಂಪಿನ ಮೇಲಿನ ಚಾವಣಿ) ದೊಡ್ಡದು ಮಾಡಿ, ನೆಲದಡಿಗೆ ಹೊಸ ಟ್ಯಾಂಕ್‌ಗಳನ್ನು ಇಳಿಸಿದರು. ಜೂನ್ ಮಳೆ ಶುರುವಾದಾಗಿನಿಂದ ಅಲ್ಲಿನ ನೀರು ಗೋಡೆಯ ಬುಡದ ತೂತುಗಳಿಂದ ನಮ್ಮ ಪಾರ್ಕಿಂಗಿಗೆ ಬಂದು, ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಸೇರುತ್ತಿದೆ. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಾಣುತ್ತದೆ. ಬೋರ್ ನೀರನ್ನು ನಾವು ಕುಡಿಯುವುದಿಲ್ಲ, ಆದರೆ ಟ್ಯಾಂಕರ್ ಬಾರದ ದಿನ ಸ್ನಾನಕ್ಕೂ ಪಾತ್ರೆಗೂ ಅದೇ ಗತಿ. ಪಂಪಿನವರು ಅದು ತುಕ್ಕಿನ ಪೊರೆ, ನೀರು ಇಂಗಿದರೆ ನಿಮಗೇ ಲಾಭ ಎನ್ನುತ್ತಾರೆ. ಲ್ಯಾಬಿನಲ್ಲಿ ಪಿಎಚ್, ಗಡಸುತನ, ಟಿಡಿಎಸ್, ಕೋಲಿಫಾರ್ಮ್ ಪರೀಕ್ಷೆ ಮಾಡಿಸಿದ್ದೇವೆ. ಎಲ್ಲವೂ ಸರಿಯಿದೆ ಎಂದು ವರದಿ ಬಂದಿದೆ. ಇದನ್ನು ಎಲ್ಲಿಂದ ಹಿಡಿಯಬೇಕು?

ಭೂಜಲ_ಪುಣೆ:
ಇಂಗುಗುಂಡಿಗೆ ಪಾರ್ಕಿಂಗ್ ನೀರು ಹೋಗುವ ದಾರಿಯನ್ನು ಇಂದೇ ಮುಚ್ಚಿಸಿ, ಉಳಿದದ್ದು ಆಮೇಲೆ. ಮಣ್ಣಿನ ಪದರವನ್ನು ದಾಟಿಸಿ ನೀರನ್ನು ಬೇಗ ಕೆಳಗಿಳಿಸುವುದೇ ಇಂಗುಗುಂಡಿಯ ಕೆಲಸವಾದ್ದರಿಂದ, ಮಣ್ಣಿನಲ್ಲಿ ಸಿಕ್ಕಿಕೊಂಡು ಸೂಕ್ಷ್ಮಾಣುಗಳಿಗೆ ಆಹಾರವಾಗಬೇಕಿದ್ದ ಎಣ್ಣೆಯೂ ಅದೇ ವೇಗದಲ್ಲಿ ಬಂಡೆಯನ್ನು ಸೇರುತ್ತದೆ. ಪುಣೆಯ ಕೆಳಗಿರುವುದು ಡೆಕ್ಕನ್ ಟ್ರ್ಯಾಪ್‌ನ ಬಸಾಲ್ಟ್, ಅಂದರೆ ಲಾವಾ ಪದರಪದರವಾಗಿ ಗಟ್ಟಿಯಾದ ಬಂಡೆ. ಅದರಲ್ಲಿ ನೀರು ಶಿಥಿಲಗೊಂಡ ಮೇಲ್ಪದರದಲ್ಲಿ, ಸೀಳುಗಳಲ್ಲಿ ಮತ್ತು ಒಂದು ಲಾವಾ ಪದರ ಇನ್ನೊಂದನ್ನು ಮುಟ್ಟುವ ಅಂಚುಗಳಲ್ಲಿ ಓಡುತ್ತದೆ. ಆದ್ದರಿಂದ ಬರೀ ನೆಲದ ಇಳಿಜಾರನ್ನು ನೋಡಿ ಯಾರ ಬೋರ್‌ಗೆ ಏನು ತಲುಪೀತು ಎಂದು ಹೇಳಲಾಗದು.

ಪೊರೆಯ ವಿಷಯಕ್ಕೆ ಒಂದು ಕಡ್ಡಿ ಸಾಕು. ಕಡ್ಡಿಯಿಂದ ಕದಡಿದಾಗ ಪೊರೆ ಮೂಲೆಮೂಲೆಯಾದ ಚೂರುಗಳಾಗಿ ಒಡೆದು ಹಾಗೆಯೇ ಉಳಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ್ದು. ಸುರುಳಿಯಾಗಿ ತಿರುಗಿ ಮತ್ತೆ ಕೂಡಿಕೊಂಡರೆ ಎಣ್ಣೆಯದ್ದು.

ನೀವು ಮಾಡಿಸಿದ ಪರೀಕ್ಷೆ ಇಂಧನವನ್ನು ಹುಡುಕುವುದೇ ಇಲ್ಲ. ಪೆಟ್ರೋಲ್‌ನಲ್ಲಿರುವ ಬೆಂಜೀನ್, ಟಾಲ್ಯೂಯಿನ್, ಈಥೈಲ್ ಬೆಂಜೀನ್, ಕ್ಸೈಲೀನ್ ಎಂಬ ನಾಲ್ಕನ್ನು, ಅಂದರೆ ಬಿಟೆಕ್ಸ್ ಅನ್ನು, ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಅಳೆಯುವ ಲ್ಯಾಬ್ ಬೇಕು. ಇವು ಗಾಳಿಗೆ ಹಾರಿಹೋಗುವ ವಸ್ತುಗಳು; ನೀರಿನ ಹಳೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೊಂಡೊಯ್ದರೆ ಲ್ಯಾಬ್ ತಲುಪುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಲ್ಯಾಬಿನವರಿಂದಲೇ 40 ಮಿ.ಲೀ. ಗಾಜಿನ ಸೀಸೆ ಪಡೆದು, ಒಳಗೆ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಐಸ್ ಪೆಟ್ಟಿಗೆಯಲ್ಲಿ ಕಳುಹಿಸಿ. ಕುಡಿಯುವ ನೀರಿನಲ್ಲಿ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ.

ಸೊಸೈಟಿ_ಕಾರ್ಯದರ್ಶಿ:
ಧನ್ಯವಾದಗಳು ಸರ್. ದಾರಿ ಮುಚ್ಚಿಸಿದ್ದೇವೆ. ಕಡ್ಡಿ ಆಡಿಸಿದಾಗ ಪೊರೆ ಮತ್ತೆ ಕೂಡಿಕೊಂಡಿತು. ಪಂಪಿನವರು ಈಗ ತಮ್ಮಲ್ಲಿ ಆಯಿಲ್ ಸೆಪರೇಟರ್ (ನೀರಿನಿಂದ ಎಣ್ಣೆಯನ್ನು ಬೇರ್ಪಡಿಸುವ ತೊಟ್ಟಿ) ಇದೆ, ಎಣ್ಣೆ ಹೊರಗೆ ಬರಲು ಸಾಧ್ಯವೇ ಇಲ್ಲ ಎನ್ನುತ್ತಿದ್ದಾರೆ.

ಸೈಟ್_ಎಂಜಿನಿಯರ್:
ನಾನು ಪಂಪ್‌ಗಳ ಸಿವಿಲ್ ಕೆಲಸ ಮಾಡಿಸುವವನು. ಸೆಪರೇಟರ್ ಇದೆ ಎಂಬ ಉತ್ತರ ಸಾಲದು. ಅದು ಯಾವ ಅಳತೆಯ ಅಂಗಳಕ್ಕೆ ಲೆಕ್ಕ ಹಾಕಿ ಕಟ್ಟಿದ್ದು ಎಂದು ಕೇಳಿ. ಒಂದು ಸಾವಿರ ಚದರ ಮೀಟರ್ ಕಾಂಕ್ರೀಟ್ ಮೇಲೆ ಗಂಟೆಗೆ 50 ಮಿ.ಮೀ. ವೇಗದ ಮಳೆ ಬಿದ್ದರೆ, ಹತ್ತರಲ್ಲಿ ಒಂಬತ್ತು ಪಾಲು ಹರಿದುಬರುತ್ತದೆಂದು ಹಿಡಿದರೂ ಸೆಕೆಂಡಿಗೆ ಸುಮಾರು 12.5 ಲೀಟರ್ ನೀರಾಗುತ್ತದೆ. ಎಣ್ಣೆಯ ಹನಿ ಮೇಲೇಳಲು ನೀರು ಸೆಪರೇಟರ್‌ನಲ್ಲಿ ನಿಧಾನವಾಗಿ ಸಾಗಬೇಕು. ಅಂಗಳ ದೊಡ್ಡದಾಗಿಯೂ ತೊಟ್ಟಿ ಹಳೆಯದೇ ಉಳಿದಿದ್ದರೆ, ಜೋರು ಮಳೆ ಅದರಲ್ಲಿ ಮೊದಲೇ ನಿಂತಿದ್ದ ಎಣ್ಣೆಯನ್ನೂ ಎಬ್ಬಿಸಿಕೊಂಡು ಹೋಗುತ್ತದೆ. ಅಂಗಳವನ್ನು ಸೋಪಿನ ಪುಡಿ ಹಾಕಿ ತೊಳೆಯುವ ರೂಢಿಯಿದ್ದರೆ ಇನ್ನೂ ಕಷ್ಟ, ಏಕೆಂದರೆ ಸೋಪಿನೊಂದಿಗೆ ಬೆರೆತ ಎಣ್ಣೆ ಮೇಲೆ ತೇಲುವುದಿಲ್ಲ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಅಗ್ಗದ ಪರಿಹಾರವೆಂದರೆ ಕ್ಯಾನೋಪಿಯ ನೀರನ್ನು ಪೈಪಿನಲ್ಲಿ ಪ್ರತ್ಯೇಕವಾಗಿ ಇಳಿಸುವುದು. ಆ ನೀರು ತಕ್ಕಮಟ್ಟಿಗೆ ಶುದ್ಧ, ಅದನ್ನು ಬೇಕಿದ್ದರೆ ಶೋಧಿಸಿ ಇಂಗಿಸಲಿ. ಆಗ ಡಿಸ್ಪೆನ್ಸರ್‌ಗಳ ಸುತ್ತಲಿನ ಮತ್ತು ಟ್ಯಾಂಕರ್ ಇಂಧನವನ್ನು ಇಳಿಸುವ ಜಾಗದ ನೀರು ಮಾತ್ರ ಸೆಪರೇಟರ್‌ಗೆ ಬರುತ್ತದೆ. ಆ ಜಾಗದ ನೀರನ್ನು ಎಂದಿಗೂ ಇಂಗಿಸಬಾರದು, ಮಳೆಕೊಯ್ಲಿನ ಷರತ್ತು ಪೂರೈಸುವುದಕ್ಕಾಗಿಯೂ ಬಾರದು.

ಭೂಜಲ_ಪುಣೆ:
ಎಂಜಿನಿಯರ್ ಅವರ ಮಾತು ಒಪ್ಪತಕ್ಕದ್ದೇ, ಆದರೆ ಅದು ಮೇಲ್ಮೈ ನೀರಿಗೆ ಮಾತ್ರ ಅನ್ವಯಿಸುತ್ತದೆ. ಹಳೆಯ ಟ್ಯಾಂಕ್ ಅಥವಾ ಪೈಪಿನಿಂದ ಹಿಂದೆಂದೋ ಸೋರಿದ ಇಂಧನ ಸೀಳುಗಳಲ್ಲಿ ಅಂಟಿಕೊಂಡಿದ್ದರೆ, ಮಳೆಗಾಲದಲ್ಲಿ ಅಂತರ್ಜಲದ ಮಟ್ಟ ಏರಿದಾಗ ಅದು ಮತ್ತೆ ನೀರಿಗೆ ಬರುತ್ತದೆ. ಮಳೆ ಬಿದ್ದ ಬೆನ್ನಿಗೇ ಬೋರ್‌ನಲ್ಲಿ ವಾಸನೆ ಕಂಡು, ಇಂಗುಗುಂಡಿ ಮುಚ್ಚಿದ ಮೇಲೆ ಕಡಿಮೆಯಾದರೆ ಮೇಲ್ಮೈ ನೀರಿನ ಮೇಲೆ ಅನುಮಾನ ಹೆಚ್ಚು. ಗುಂಡಿ ಮುಚ್ಚಿದ ಮೇಲೂ ಮಟ್ಟ ಏರಿದಂತೆ ಹೆಚ್ಚುತ್ತಾ ಹೋದರೆ ನೆಲದಡಿಯ ಮೇಲೆ. ಈಗಿನ ಪೆಟ್ರೋಲ್‌ನಲ್ಲಿರುವ ಎಥನಾಲ್ ಅನ್ನು ಸೂಕ್ಷ್ಮಾಣುಗಳು ಮೊದಲು ತಿಂದು ಆಮ್ಲಜನಕವನ್ನು ಮುಗಿಸುವುದರಿಂದ, ಬೆಂಜೀನ್ ವಿಘಟನೆಯಾಗದೆ ಹೆಚ್ಚು ದೂರ ಸಾಗುವುದೂ ಉಂಟು. ಪೆಟ್ರೋಲ್ ನೀರಿಗಿಂತ ಹಗುರ; ಆಳದ ಸಬ್‌ಮರ್ಸಿಬಲ್ ಎತ್ತಿದ ನೀರಿನಲ್ಲಿ ಅದು ಕಾಣದೆ ಬೋರ್‌ನ ಮೇಲ್ಮಟ್ಟದಲ್ಲಿ ತೇಲುತ್ತಿರಬಹುದು. ಹೀಗಾಗಿ ನೀರಿನ ಮೇಲ್ಮಟ್ಟದಿಂದ ಬೈಲರ್ (ಹಗ್ಗಕ್ಕೆ ಕಟ್ಟಿ ನೀರು ಎತ್ತುವ ಕೊಳವೆ) ಇಳಿಸಿ ಒಂದು ಮಾದರಿ, ಬೋರ್‌ನ ಪಂಪ್ ಎತ್ತಿದ ನೀರಿನ ಇನ್ನೊಂದು ಮಾದರಿ ತೆಗೆಸಿ.

ಸೈಟ್_ಎಂಜಿನಿಯರ್:
ದೂರಿನ ಬಗ್ಗೆಯೂ ಒಂದು ಮಾತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜನವರಿ 2020ರ ಮಾರ್ಗಸೂಚಿಯಲ್ಲಿ ವಸತಿ ಪ್ರದೇಶದಿಂದ ಇರಬೇಕೆಂದಿರುವ 50 ಮೀಟರ್ ಅಂತರವನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಆದರೆ ಅದು ಹೊಸ ಪಂಪ್‌ಗಳಿಗೆಂದು ಹೊರಡಿಸಿದ್ದು. ಹಳೆಯ ಪಂಪಿನ ವಿಸ್ತರಣೆಯಲ್ಲಿ ಅದನ್ನೇ ಹಿಡಿದು ವಾದಿಸಿದರೆ ದೂರು ದುರ್ಬಲವಾಗುತ್ತದೆ. ಟ್ಯಾಂಕ್ ಸೇರಿಸಲು ಪೆಸೋ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಅನುಮೋದಿಸಿದ ನಕ್ಷೆ ಬೇಕೇ ಬೇಕು. ಆ ನಕ್ಷೆಯನ್ನೂ ಟ್ಯಾಂಕ್‌ಗಳ ಒತ್ತಡ ಪರೀಕ್ಷೆಯ ದಾಖಲೆಯನ್ನೂ ಕೇಳಿ, ಬಿಟೆಕ್ಸ್ ವರದಿಯನ್ನು ಲಗತ್ತಿಸಿ, ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೂ ಜಿಲ್ಲಾಧಿಕಾರಿ ಕಚೇರಿಗೂ ಬರೆಯಿರಿ. ವರದಿ ಬರುವವರೆಗೆ ಬೋರ್ ನೀರನ್ನು ಸ್ನಾನಕ್ಕೆ ಬಳಸಬೇಡಿ. ಬಿಸಿಮಾಡಿದ ನೀರಿನಿಂದ ಬೆಂಜೀನ್ ಆವಿಯಾಗಿ ಬಚ್ಚಲಿನ ಗಾಳಿಯನ್ನು ಸೇರುತ್ತದೆ.