ಎದೆ ಹೊಡೆದುಕೊಳ್ಳಲಿ ಬಿಡು, ಪುಟ್ಟಿ

ಪುಟ್ಟಿ, ರಾತ್ರಿ ನೀನು ಮನೆಯವರ ಗ್ರೂಪಿಗೆ ಹಾಕಿದ್ದ ವಾಯ್ಸ್ ಮೆಸೇಜನ್ನು ಬೆಳಿಗ್ಗೆ ಹಾಲು ಕಾಯಿಸುತ್ತಾ ಕೇಳಿದೆ. ಆಮೇಲೆ ಒಲೆ ಆರಿಸಿ, ಕೂತು ಇನ್ನೊಂದು ಸಲ ಕೇಳಿದೆ. ಎಂಟೆಕ್ ಸೀಟಿಗೆ ನೀನು ಬರೆಯಬೇಕಾದ ಗೇಟ್ ಪರೀಕ್ಷೆಗೆ ಇನ್ನು 18 ದಿನ. ಮನೆಯಲ್ಲಿ ಸುಮ್ನೆ ಕೂತು ಮಾಡಿದರೆ ಎಲ್ಲಾ ಬರುತ್ತೆ, ಮಾಕ್ ಟೆಸ್ಟ್, ಅಂದರೆ ಅಭ್ಯಾಸದ ಪರೀಕ್ಷೆ, ಶುರುವಾದ ಕೂಡಲೇ ಕೈ ತಣ್ಣಗಾಗುತ್ತೆ, ತಲೆ ಬ್ಲ್ಯಾಂಕ್ ಆಗುತ್ತೆ ಅಂದೆ. "ಈ ವರ್ಷ ಬರೆಯೋದೇ ಬೇಡ ಅನ್ನಿಸ್ತಿದೆ" ಅನ್ನುವಾಗ ನಿನ್ನ ಧ್ವನಿ ನಡುಗಿತು. ನಾನೂ ವಾಯ್ಸ್ ಕಳಿಸೋಣ ಅಂದುಕೊಂಡೆ. ಆದರೆ ಪರೀಕ್ಷೆಯ ಹಿಂದಿನ ದಿನ ಇದನ್ನು ನೀನು ಮತ್ತೆ ಓದಬಹುದು ಅಂತ ಬರೆದೇ ಹಾಕುತ್ತಿದ್ದೇನೆ. ಉದ್ದ ಇದೆ, ನಿಧಾನವಾಗಿ ಓದು.

ನಾನು ಗೇಟ್‌ನ ಸಿವಿಲ್ ಎಂಜಿನಿಯರಿಂಗ್ ಪೇಪರ್ ಮೊದಲ ಸಲ ಬರೆದದ್ದು 2016ರಲ್ಲಿ. ಆ ವರ್ಷವೇ ನಮ್ಮ ಸ್ವಂತ ಕ್ಯಾಲ್ಕುಲೇಟರ್ ನಿಲ್ಲಿಸಿ, ಪರದೆ ಮೇಲಿನ ಕ್ಯಾಲ್ಕುಲೇಟರ್ ತಂದರು. ಮನೆಯಲ್ಲಿ ಅದನ್ನು ಒಂದು ದಿನವೂ ಮುಟ್ಟಿ ನೋಡಿರಲಿಲ್ಲ. ಪೇಪರ್ ತೆರೆದ ಸ್ವಲ್ಪ ಹೊತ್ತಿಗೇ ಕ್ಯಾಂಟಿಲಿವರ್ ಬೀಮ್‌ನ, ಅಂದರೆ ಒಂದೇ ತುದಿ ಗೋಡೆಗೆ ಕಚ್ಚಿಕೊಂಡ ತೊಲೆಯ, ಲೆಕ್ಕ ಬಂತು. ಇನ್ನೊಂದು ತುದಿಯಲ್ಲಿ ಭಾರ, ಎಷ್ಟು ಬಾಗುತ್ತೆ ಅಂತ ಕಂಡುಹಿಡಿಯಬೇಕು. ಸೂತ್ರ ಪಿ ಎಲ್ ಕ್ಯೂಬ್ ಬೈ ತ್ರೀ ಇ ಐ. ನಿನಗೂ ನಿದ್ದೆಯಲ್ಲಿ ಬರುತ್ತೆ, ಅಲ್ವಾ? ನನಗೆ ಬರಲಿಲ್ಲ. ಕೆಳಗೆ ಮೂರೋ, ಎಂಟೋ, ನಲವತ್ತೆಂಟೋ ಗೊತ್ತಾಗಲಿಲ್ಲ. ರಫ್ ಹಾಳೆಯ ಮೂಲೆಯಲ್ಲಿ "ಪಿ ಎಲ್" ಅಂತ ಬರೆದು, ಅದರ ಮೇಲೇ ಮತ್ತೆ ಮತ್ತೆ ತಿದ್ದಿ ಕಾಗದ ಹರಿಯಿತು. ಪಕ್ಕದ ಹುಡುಗ ಟಕಟಕ ಅಂತ ಮೌಸ್ ಒತ್ತುತ್ತಿದ್ದ. ಒಂದೊಂದು ಟಕ್ ಕೇಳಿದಾಗಲೂ ಅವನಿಗೆ ಒಂದು ಉತ್ತರ ಸಿಕ್ಕಿತು ಅನ್ನಿಸುತ್ತಿತ್ತು. ತಲೆ ಎತ್ತಿ ಗಡಿಯಾರ ನೋಡಿದರೆ 14 ನಿಮಿಷ ಹೋಗಿತ್ತು. ಆ ಪೇಪರ್ ಅಲ್ಲಿಗೇ ಕೈಬಿಟ್ಟ ಹಾಗಾಯಿತು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಪೊಟ್ಟಣ ಬಿಚ್ಚುವಾಗ ಸೂತ್ರ ತಾನಾಗಿ ನೆನಪಿಗೆ ಬಂತು. ಪುಟ್ಟಿ, ನಾನು ಹೇಳಬೇಕಾದ್ದು ಇಷ್ಟೇ. ಅದು ಎಲ್ಲಿಗೂ ಹೋಗಿರಲಿಲ್ಲ. ಲೆಕ್ಕ ಮಾಡುವಾಗ ಮನಸ್ಸು ನಾಲ್ಕಾರು ವಿಷಯಗಳನ್ನು ಮಾತ್ರ ಒಟ್ಟಿಗೆ ಹಿಡಿದುಕೊಳ್ಳುತ್ತೆ. "ಫೇಲ್ ಆದರೆ? ಅಪ್ಪ ಏನಂತಾರೆ? ಉಳಿದವರೆಲ್ಲ ಮುಗಿಸಿದರೇನೋ?" ಅಂತ ಯೋಚನೆ ಬಂದು ಕೂತರೆ ಸೂತ್ರಕ್ಕೆ ಜಾಗವೇ ಇರಲ್ಲ. ಬ್ಲ್ಯಾಂಕ್ ಆಗೋದು ಓದಿದ್ದು ಅಳಿಸಿಹೋಗಿ ಅಲ್ಲ, ದಾರಿಯಲ್ಲಿ ಗಾಡಿ ಅಡ್ಡ ನಿಂತು.

ಹಾಗಾದರೆ ಹೆದರಿಕೆಯನ್ನೇ ಓಡಿಸಬೇಕಾ? ನಾನು ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ. "ಶಾಂತವಾಗಿರು, ಶಾಂತವಾಗಿರು" ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೇಳಿದಷ್ಟೂ ಎದೆ ಜಾಸ್ತಿ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಜೆರೆಮಿ ಜೇಮಿಸನ್ ಮತ್ತು ಅವರ ಜೊತೆಗಾರರು 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಓದಿದೆ. ಅದು ಅಮೆರಿಕದಲ್ಲಿ ಸ್ನಾತಕೋತ್ತರ ಓದಿಗೆ ಬರೆಯುವ ಜಿಆರ್‌ಇ ಪರೀಕ್ಷೆಗೆ ತಯಾರಾಗುತ್ತಿದ್ದ ವಿದ್ಯಾರ್ಥಿಗಳ ಮೇಲೆ ಮಾಡಿದ್ದು. ಅಭ್ಯಾಸ ಪರೀಕ್ಷೆಗೆ ಮೊದಲು ಕೆಲವರಿಗೆ ಎರಡು ಮಾತು ಹೇಳಿದರು: ಎದೆ ಹೊಡೆದುಕೊಳ್ಳೋದರಿಂದ ಪರೀಕ್ಷೆ ಕೆಡಲ್ಲ, ಅದು ಸಹಾಯವನ್ನೂ ಮಾಡಬಹುದು. ಹಾಗೆ ಆದಾಗ ಇದನ್ನು ನೆನಪು ಮಾಡಿಕೊಳ್ಳಿ. ಅಷ್ಟೇ. ಆ ಗುಂಪಿನವರು ಗಣಿತದಲ್ಲಿ ಉಳಿದವರಿಗಿಂತ ಚೆನ್ನಾಗಿ ಮಾಡಿದರು. ಆಮೇಲೆ ಬರೆದ ನಿಜವಾದ ಜಿಆರ್‌ಇಯಲ್ಲೂ ಅವರ ಗಣಿತದ ಅಂಕ ಜಾಸ್ತಿ ಇತ್ತು.

ಆದ್ದರಿಂದ ಕೈ ತಣ್ಣಗಾದಾಗ "ಅಯ್ಯೋ, ಶುರುವಾಯ್ತು" ಅನ್ನಬೇಡ. "ಸರಿ, ಮೈ ತಯಾರಾಗ್ತಿದೆ" ಅನ್ನು. ಓಟಕ್ಕೆ ನಿಂತವಳಿಗೂ ಹಾಗೇ ಎದೆ ಹೊಡೆದುಕೊಳ್ಳುತ್ತೆ. ಮೊದಲ ಸಲ ಹೇಳಿದಾಗ ನಂಬಿಕೆ ಬರಲ್ಲ, ನನಗೂ ಬರಲಿಲ್ಲ. ಆದರೂ ಹೇಳು.

ಇನ್ನು ಮಾಕ್ ಟೆಸ್ಟ್. ನೀನು ಹಾಸಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರಾತ್ರಿ ಹತ್ತಕ್ಕೆ ಬರೆಯುತ್ತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಅದು ಬೇಡ. ನಿನ್ನ ಪೇಪರ್ ಬೆಳಿಗ್ಗೆ 9.30ರಿಂದ 12.30 ಅಂದೆಯಲ್ಲ, ಅದೇ ಹೊತ್ತಿಗೆ ಮೇಜಿನ ಮುಂದೆ, ಗಟ್ಟಿ ಕುರ್ಚಿಯಲ್ಲಿ ಕೂತು ಬರಿ. ಪರದೆಯ ಕ್ಯಾಲ್ಕುಲೇಟರ್ ಒಂದೇ ಇರಲಿ. ಮೌಸ್‌ನಲ್ಲಿ ಅಂಕಿ ಒತ್ತೋದು ಎಷ್ಟು ನಿಧಾನ ಅಂತ ನನಗೆ ಗೊತ್ತಾದದ್ದು ಪರೀಕ್ಷೆಯ ದಿನ. ಮಧ್ಯೆ ಎದ್ದು ನೀರು, ಫೋನು ಅಂತ ಹೋಗಬೇಡ. ಅಜ್ಜ ಹಾಲ್‌ನಲ್ಲಿ ಟೀವಿ ಹಾಕಿದರೆ ಹಾಕಲಿ, ಅಲ್ಲೂ ಕೆಮ್ಮುವವರು, ಕಾಲು ಕುಣಿಸುವವರು ಇರುತ್ತಾರೆ. ಹೀಗೆ ಐದಾರು ಸಲ ಆದರೆ ಆ ಹೆದರಿಕೆ ನಿನಗೆ ಗುರುತಿನವಳ ಹಾಗೆ ಆಗಿರುತ್ತೆ. ಬರುತ್ತೆ, ಇಪ್ಪತ್ತು ನಿಮಿಷ ಇರುತ್ತೆ, ಇಳಿಯುತ್ತೆ.

ಪೇಪರ್ ತೆರೆದಾಗ ಕಷ್ಟದ್ದಕ್ಕೆ ಕೈ ಹಾಕಬೇಡ. ಮೊದಲು ಆಪ್ಟಿಟ್ಯೂಡ್‌ನ 10 ಪ್ರಶ್ನೆಗಳನ್ನು ನೋಡು, ಅದಕ್ಕೆ 15 ಅಂಕ ಇದೆ. ಗೊತ್ತಿರುವ ಎರಡು ಮೂರು ಸಿಕ್ಕಿದರೆ ಕೈ ಬಿಸಿಯಾಗುತ್ತೆ. 65 ಪ್ರಶ್ನೆ, 180 ನಿಮಿಷ, ಒಂದಕ್ಕೆ ಮೂರು ನಿಮಿಷವೂ ಬರಲ್ಲ. ಮೂರು ನಿಮಿಷ ಆಯ್ತಾ, ದಾರಿ ಕಾಣ್ತಿಲ್ವಾ, ಆಮೇಲೆ ನೋಡೋಕೆ ಅಂತ ರಿವ್ಯೂಗೆ ಗುರುತು ಹಾಕಿ ಮುಂದೆ ಹೋಗು. ಬಿಟ್ಟು ಹೋಗೋದು ಸೋಲಲ್ಲ. ನಾನು ಎರಡನೇ ಸಲ ಬರೆದಾಗ ಕಲಿತ ದೊಡ್ಡ ವಿಷಯ ಇದೇ. ಬಲಗಡೆ ಪ್ರಶ್ನೆ ಸಂಖ್ಯೆಗಳ ಪಟ್ಟಿಯಲ್ಲಿ ನೋಡಿಯೂ ಉತ್ತರಿಸದವು ಕೆಂಪು ಚೌಕಗಳಾಗಿ ಕಾಣುತ್ತವೆ, ಅವನ್ನು ಎಣಿಸಬೇಡ. ಉತ್ತರಿಸಿದ ಹಸಿರು ಮಾತ್ರ ನೋಡು.

ಇನ್ನೊಂದು ವಿಷಯ. ಒಂದೇ ಉತ್ತರ ಆರಿಸುವ ಪ್ರಶ್ನೆ ತಪ್ಪಾದರೆ ಮಾತ್ರ ಅಂಕ ಕಳೆಯುತ್ತಾರೆ. ಒಂದು ಅಂಕದ್ದಕ್ಕೆ ಮೂರರಲ್ಲಿ ಒಂದು ಭಾಗ, ಎರಡು ಅಂಕದ್ದಕ್ಕೆ ಮೂರರಲ್ಲಿ ಎರಡು ಭಾಗ. ಅಂಕಿ ಟೈಪ್ ಮಾಡುವ ಪ್ರಶ್ನೆಗಳಿಗೂ, ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದಾದ ಪ್ರಶ್ನೆಗಳಿಗೂ ಏನೂ ಕಳೆಯಲ್ಲ. ಅವನ್ನು ಖಾಲಿ ಬಿಡಬೇಡ. ಪೂರಾ ಪೇಪರ್ ಮಾಡಲೇಬೇಕು ಅಂತ ನಿನ್ನ ತಲೆಯಲ್ಲಿ ಯಾರು ತುಂಬಿದರೋ ಗೊತ್ತಿಲ್ಲ. ಎಷ್ಟೋ ಪೇಪರ್‌ಗಳಲ್ಲಿ ಕ್ವಾಲಿಫೈ ಆಗೋದು 100ಕ್ಕೆ 25ರಿಂದ 30ರ ಆಸುಪಾಸಿನಲ್ಲಿ. ನಿನಗೆ ಬೇಕಾದ ಸೀಟಿಗೆ ಅದಕ್ಕಿಂತ ಜಾಸ್ತಿ ಬೇಕು, ನಿಜ. ಆದರೂ ಹತ್ತು ಹದಿನೈದು ಪ್ರಶ್ನೆ ಕೈಬಿಟ್ಟರೂ ಒಳ್ಳೆಯ ಸ್ಕೋರ್ ಬರುತ್ತೆ.

ಮಧ್ಯದಲ್ಲಿ ಬ್ಲ್ಯಾಂಕ್ ಆಯಿತು ಅಂದುಕೋ. ಮೌಸ್ ಬಿಡು. ಅಂಗೈ ಎರಡೂ ತೊಡೆ ಮೇಲೆ ಇಡು, ಪಾದ ನೆಲಕ್ಕೆ ಊರು. ನಾಲ್ಕು ಎಣಿಸುತ್ತಾ ಉಸಿರು ತಗೋ, ಆರು ಎಣಿಸುತ್ತಾ ಬಿಡು. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನ ಆಗುತ್ತೆ, ಮೈಯ ರಚನೆಯೇ ಹಾಗೆ. ಐದು ಸಲ ಮಾಡಿದರೆ ಒಂದು ನಿಮಿಷ ಹಿಡಿಯಲ್ಲ. ಇದನ್ನೂ ಇವತ್ತಿನಿಂದಲೇ ಅಭ್ಯಾಸ ಮಾಡು.

ಅವತ್ತು ಬೆಳಿಗ್ಗೆ ಹೊರಡುವ ಮೊದಲು ಹತ್ತು ನಿಮಿಷ ಒಂದು ಹಾಳೆಯಲ್ಲಿ ನಿನ್ನ ಭಯವನ್ನೆಲ್ಲ ಬರಿ. ಯಾರಿಗೂ ತೋರಿಸಬೇಡ. 2011ರಲ್ಲಿ ಜೆರಾರ್ಡೊ ರಮಿರೆಜ್ ಮತ್ತು ಸಿಯಾನ್ ಬೈಲಾಕ್ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನೇ ತೋರಿಸಿದ್ದರು. ಪರೀಕ್ಷೆಗೆ ಸ್ವಲ್ಪ ಮೊದಲು ಭಯವನ್ನು ಬರೆದವರ ಅಂಕ ಏರಿತ್ತು, ಅದರಲ್ಲೂ ಯಾವಾಗಲೂ ಪರೀಕ್ಷೆಗೆ ಹೆದರುವವರಿಗೆ ಜಾಸ್ತಿ ಉಪಯೋಗ ಆಗಿತ್ತು. ನಾನು 2017ರಲ್ಲಿ ಲಾಡ್ಜ್‌ನ ಮಂಚದ ಮೇಲೆ ಕೂತು ಒಂದೂವರೆ ಪುಟ ಬರೆದೆ. "ಅಪ್ಪನ ದುಡ್ಡು ಹಾಳು ಮಾಡ್ತಿದ್ದೀನಾ" ಅಂತ ಬರೆದು ಅತ್ತೆ. ಮುಖ ತೊಳೆದು, ಎರಡು ಇಡ್ಲಿ ತಿಂದು ಹೋದೆ. ಅವತ್ತೂ ಎದೆ ಹೊಡೆದುಕೊಂಡಿತು. ಪೇಪರ್ ಮಾತ್ರ ಬರೆದೆ. ಸುರತ್ಕಲ್‌ನ ಎನ್‌ಐಟಿಯಲ್ಲಿ ಎಂಟೆಕ್ ಸೀಟು ಸಿಕ್ಕಿದ್ದು ಆ ಸ್ಕೋರಿಗೆ.

ಒಮ್ಮೆ ಬಂದ ಸ್ಕೋರ್ 3 ವರ್ಷ ನಡೆಯುತ್ತೆ. ಎಷ್ಟು ಸಲ ಬೇಕಾದರೂ ಬರೆಯಬಹುದು. ನಮ್ಮ ರಾಜ್ಯದ ಕಾಲೇಜುಗಳಿಗೆ ಪಿಜಿಸಿಇಟಿ ಅನ್ನುವ ಬೇರೆ ಪ್ರವೇಶ ಪರೀಕ್ಷೆ ಇದೆ. ಇರುವುದು ಒಂದೇ ಬಾಗಿಲಲ್ಲ ಅಂತ ಗೊತ್ತಿರಲಿ.

ಇನ್ನು ಗ್ರೂಪಿನ ದೊಡ್ಡವರಿಗೆ, ದಯವಿಟ್ಟು. ದೊಡ್ಡಪ್ಪ, "ನಮ್ಮ ಮನೆಯ ಮಗಳು ಐಐಟಿಗೇ ಹೋಗೋದು" ಅಂತ ನೀವು ಪ್ರೀತಿಯಿಂದಲೇ ಹಾಕುತ್ತೀರಿ. ಆದರೆ ಅವಳು ಪರೀಕ್ಷೆ ಹಾಲ್‌ಗೆ ಹೋಗುವಾಗ ಆ ಮಾತನ್ನೂ ಹೊತ್ತುಕೊಂಡು ಹೋಗುತ್ತಾಳೆ. ಪರೀಕ್ಷೆ ಮುಗಿದ ಸಂಜೆ "ಎಷ್ಟು ಅಟೆಂಡ್ ಮಾಡಿದೆ?" ಅಂತ ಯಾರೂ ಕೇಳಬೇಡಿ. ಊಟ ಆಯ್ತಾ ಅಂತ ಕೇಳಿ. ಈ 18 ದಿನ ಬೇರೆಯವರ ಮಕ್ಕಳ ರ‍್ಯಾಂಕಿನ ಸುದ್ದಿ ಇಲ್ಲಿ ಬೇಡ.

ಪುಟ್ಟಿ, ನಿದ್ದೆಯೇ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೋದೇ ಬೇಡ ಅನ್ನಿಸುತ್ತಿದೆ, ಹೀಗೇನಾದರೂ ಇದ್ದರೆ ನಾಚಿಕೆ ಪಡಬೇಡ. 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ಹಗಲೂ ರಾತ್ರಿ ಸಿಗುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನಗೂ ಮಾಡು, ರಾತ್ರಿ ಎರಡು ಗಂಟೆಯಾದರೂ ಸರಿ.

ಈ ಭಾನುವಾರ ಎಂಟೂವರೆಗೆಲ್ಲ ನಮ್ಮ ಮನೆಗೆ ಬಾ. ಮುಂದಿನ ಕೋಣೆಯ ಮೇಜು ಖಾಲಿ ಮಾಡಿಸಿದ್ದೇನೆ. 9.30ಕ್ಕೆ ಮಾಕ್ ಶುರು ಮಾಡೋಣ, ನಾನು ಬಾಗಿಲ ಹತ್ತಿರ ಗಡಿಯಾರ ಇಟ್ಟುಕೊಂಡು ಕೂತಿರುತ್ತೇನೆ. ಮೌಸ್ ಮಾತ್ರ ನೀನೇ ತಗೊಂಡು ಬಾ, ನಮ್ಮದು ಕೆಟ್ಟಿದೆ.